ಬೇಲಾ ಗುಟ್‌ಮನ್ ಮತ್ತು ಆಫ್‌ಸೈಡ್ ಲೆಕ್ಕ

ಬುಡಾಪೆಸ್ಟ್‌ನ ಫುಟ್‌ಬಾಲ್ ಆಟಗಾರ ಬೇಲಾ ಗುಟ್‌ಮನ್ ನೃತ್ಯ ಶಿಕ್ಷಕರ ಮಗ. ಹದಿನಾರಕ್ಕೇ ತಾನೂ ನೃತ್ಯ ಕಲಿಸುವ ಅರ್ಹತೆ ಪಡೆದಿದ್ದ. ಹೊರಳುವಾಗ ದೇಹದ ಭಾರವನ್ನು ಯಾವ ಕಾಲಿನ ಮೇಲೆ ಹೊರಬೇಕೆಂಬುದು ಅವನಿಗೆ ಮೈದಾನಕ್ಕೆ ಇಳಿಯುವ ಮೊದಲೇ ಗೊತ್ತಿತ್ತು ಎಂದು ನನ್ನ ಊಹೆ.

ಎಂಟಿಕೆ ತಂಡದೊಂದಿಗೆ ಹಂಗೆರಿಯ ಲೀಗ್ ಗೆದ್ದ ಅವನು, ಅಲ್ಲಿ ಯಹೂದಿದ್ವೇಷ ಹೆಚ್ಚುತ್ತಿದ್ದ ಕಾಲದಲ್ಲಿ ವಿಯೆನ್ನಾದ ಯಹೂದಿ ಕ್ಲಬ್ ಹಕೋವಾ ಸೇರಿದ. 1925ರಲ್ಲಿ ಹಕೋವಾ ಆಸ್ಟ್ರಿಯಾದ ಚಾಂಪಿಯನ್ ಆಯಿತು. ಬದಲಿ ಆಟಗಾರರಿಲ್ಲದ ಕಾಲವದು. ಪ್ರಶಸ್ತಿ ನಿರ್ಧರಿಸಿದ ಪಂದ್ಯದಲ್ಲಿ ಕೈಗೆ ಪೆಟ್ಟಾದ ಗೋಲ್‌ಕೀಪರ್ ಫಾಬಿಯಾನ್ ಮುಂಪಡೆಗೆ ಹೋಗಿ ಗೆಲುವಿನ ಗೋಲನ್ನೇ ಹೊಡೆದ!

ಗುಟ್‌ಮನ್ ಸೆಂಟರ್ ಹಾಫ್. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರಿದ್ದ ಆಟದಲ್ಲಿ ಅವನೇ ನಡುಗಂಬ. ತಡೆಯುವುದೂ ಅವನೇ, ದಾಳಿಗೆ ಚೆಂಡು ಒದಗಿಸುವುದೂ ಅವನೇ. ಈ ಸ್ಥಾನಕ್ಕೆ ಏಟು ಬಿದ್ದದ್ದು ಅದೇ 1925ರಲ್ಲಿ, ಆಫ್‌ಸೈಡ್ ನಿಯಮದಲ್ಲಿ, ಅಂದರೆ ದಾಳಿಗಾರ ಎದುರಾಳಿಗಳನ್ನು ಮೀರಿ ಮುಂದೆ ನಿಂತು ಚೆಂಡಿಗೆ ಕಾಯುವುದನ್ನು ತಡೆಯುವ ನಿಯಮದಲ್ಲಿ, ಮೂರು ಎಂಬ ಸಂಖ್ಯೆ ಎರಡಾದಾಗ.

ಹಳೆಯ ನಿಯಮದಲ್ಲಿ ದಾಳಿಗಾರ ಚೆಂಡಿಗಿಂತ ಮುಂದೆ ನಿಂತಿದ್ದರೆ, ಅವನಿಗೂ ಗೋಲ್ ರೇಖೆಗೂ ನಡುವೆ ಗೋಲ್‌ಕೀಪರ್ ಸೇರಿ ಕನಿಷ್ಠ ಮೂವರು ಎದುರಾಳಿಗಳಿರಬೇಕಿತ್ತು; ಇಲ್ಲವಾದರೆ ಆಫ್‌ಸೈಡ್. ಹಿಂದಿನ ಇಬ್ಬರು ರಕ್ಷಕರಲ್ಲಿ, ಅಂದರೆ ಬ್ಯಾಕ್‌ಗಳಲ್ಲಿ, ಒಬ್ಬ ಎರಡು ಹೆಜ್ಜೆ ಮುಂದೆ ಸರಿದರೆ ಸಾಕು, ದಾಳಿಗಾರ ಬಲೆಯಲ್ಲಿ. ಬಲೆ ಹರಿದರೂ ಇನ್ನೊಬ್ಬ ಬ್ಯಾಕ್ ಹಿಂದೆ ಇದ್ದೇ ಇದ್ದ. ಹೊಸ ನಿಯಮದಲ್ಲಿ ಇಬ್ಬರು ಎದುರಾಳಿಗಳಿದ್ದರೂ ಸಾಕು, ಹಾಗಾಗಿ ಬಲೆ ಬೀಸಲು ಬ್ಯಾಕ್‌ಗಳಿಬ್ಬರೂ ಮುಂದೆ ಬರಬೇಕು. ತಪ್ಪಿದರೆ ಉಳಿಯುವವನು ಗೋಲ್‌ಕೀಪರ್ ಮಾತ್ರ. ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ ಒಂದೇ ಋತುವಿನಲ್ಲಿ ಗೋಲುಗಳು 1,192ರಿಂದ 1,703ಕ್ಕೆ ಜಿಗಿದವು. ಪಂದ್ಯಗಳ ಸಂಖ್ಯೆ ಎರಡು ಸಲವೂ 462.

ಇಂಗ್ಲಿಷರು ಸೆಂಟರ್ ಹಾಫ್‌ನನ್ನು ಹಿಂದಕ್ಕೆಳೆದು ಮೂರನೇ ಬ್ಯಾಕ್ ಮಾಡಿದರು. ವಿಯೆನ್ನಾ, ಬುಡಾಪೆಸ್ಟ್‌ಗಳು ಹಳೆಯ ಶೈಲಿಯನ್ನು ಸುಲಭಕ್ಕೆ ಬಿಡಲಿಲ್ಲ. ಗುಟ್‌ಮನ್ ಅಷ್ಟರಲ್ಲಿ ಅಮೆರಿಕದಲ್ಲಿದ್ದ: 1926ರ ಪ್ರವಾಸದಲ್ಲಿ ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ಹಕೋವಾ ಆಟ ನೋಡಲು ಸುಮಾರು 46,000 ಜನ ಸೇರಿದ್ದರು. ಆಮೇಲೆ ಹಲವು ಆಟಗಾರರಂತೆ ಅವನೂ ಅಲ್ಲೇ ಆಡತೊಡಗಿದ. 1929ರ ಷೇರುಪೇಟೆ ಕುಸಿತದಲ್ಲಿ ಹಣ ಕಳೆದುಕೊಂಡು, 1932ರಲ್ಲಿ ವಿಯೆನ್ನಾಕ್ಕೆ ಮರಳಿ, ಮರುವರ್ಷ ಆಟ ಮುಗಿಸಿ ಕೋಚ್ ಆದ.

1938ರಲ್ಲಿ ನಾಜಿಗಳು ಹಕೋವಾವನ್ನು ಮುಚ್ಚಿಸಿದರು. 1944ರಲ್ಲಿ ಗುಟ್‌ಮನ್ ಬುಡಾಪೆಸ್ಟ್ ಬಳಿ ಅಟ್ಟವೊಂದರಲ್ಲಿ ಅಡಗಿದ್ದ. ನಂತರ ಬಲವಂತದ ದುಡಿಮೆಯ ಶಿಬಿರ ಸೇರಬೇಕಾಯಿತು. ಅಲ್ಲಿಂದ ತಪ್ಪಿಸಿಕೊಂಡು ಬದುಕಿದ. ಕುಟುಂಬದ ಹಲವರು ಉಳಿಯಲಿಲ್ಲ.

1957ರಲ್ಲಿ ಬ್ರೆಜಿಲ್‌ನ ಸಾವೊ ಪೌಲೊ ತಂಡಕ್ಕೆ ರಾಜ್ಯ ಪ್ರಶಸ್ತಿ, 1961 ಮತ್ತು 1962ರಲ್ಲಿ ಪೋರ್ಚುಗಲ್‌ನ ಬೆನ್‌ಫಿಕಾಗೆ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ಕೋಚ್ ಇವನೇ. ಅವನು ಮೆಚ್ಚಿದ್ದು 4-2-4 ವ್ಯೂಹವನ್ನು: ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು. ತಾನು ಆಡಿ ಹೆಸರು ಗಳಿಸಿದ ಆ ನಡುಗಂಬದ ಸ್ಥಾನಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.