ಮದ್ಯದ ವಾಸನೆಯಿಂದ ಸಿಕ್ಕಿಬಿದ್ದ ಹೊಳೆ

1901ರ ಆಗಸ್ಟ್ 11, ಭಾನುವಾರ. ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ಸ್ವಿಟ್ಜರ್ಲೆಂಡ್ ಗಡಿಯ ಹತ್ತಿರ ಪೊಂತಾರ್ಲಿಯೆ ಅಂತ ಒಂದು ಊರು. ಅಲ್ಲಿನ ಪೆರ್ನೋ ಕಾರ್ಖಾನೆಗೆ ಸಿಡಿಲು ಬಡಿಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಆಬ್ಸಾಂತ್ ಎಂಬ ಹಸಿರು ಮದ್ಯ. ಮೂಗಿನ ಹತ್ತಿರ ತಂದರೆ ಸೋಂಪಿನ ಘಮ, ನೀರು ಬೆರೆಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬೆಂಕಿ ತೊಟ್ಟಿಗಳಿಗೆ ತಗುಲಿದರೆ ಎಲ್ಲ ಸಿಡಿದು ಹೋಗುತ್ತದೆ ಅಂತ ಹೆದರಿ, ಕೆಲಸದವರು ಲಕ್ಷಗಟ್ಟಲೆ ಲೀಟರ್ ಮದ್ಯವನ್ನು ಪಕ್ಕದ ನದಿಗೆ ಹರಿಯಬಿಟ್ಟರು.

ಕಥೆ ಶುರುವಾಗೋದು ಎರಡು ದಿನ ಬಿಟ್ಟು. ಬೆಟ್ಟದ ಆಚೆ, ಸುಮಾರು 15 ಕಿ.ಮೀ. ದೂರದಲ್ಲಿ, ಇನ್ನೊಂದು ಹೊಳೆ ಹುಟ್ಟುವ ಗುಹೆಯ ಹತ್ತಿರ ಆಂದ್ರೆ ಬೆರ್ತೆಲೋ ಎಂಬವರು ತಿರುಗಾಡಲು ಹೋಗಿದ್ದರು. ಹೆಸರಾಂತ ರಸಾಯನ ವಿಜ್ಞಾನಿ ಮಾರ್ಸೆಲಾಂ ಬೆರ್ತೆಲೋ ಅವರ ಮಗ. ಗುಹೆಯಿಂದ ಬರುತ್ತಿದ್ದ ನೀರಲ್ಲಿ ಆಬ್ಸಾಂತ್ ವಾಸನೆ! ಮದ್ಯ ಸುರಿದದ್ದು ಬೇರೆ ನದಿಗೆ. ನಕ್ಷೆಯಲ್ಲಿ ಎರಡೂ ಎಲ್ಲೂ ಮುಟ್ಟೋದಿಲ್ಲ.

ಮದ್ಯ ಸುರಿದ ನದಿಯ ಹೆಸರು ದೂ. ವಾಸನೆ ಬಂದ ಹೊಳೆಯ ಹೆಸರು ಲೂ. (ಫ್ರೆಂಚರು ದೂ ಹೆಸರಿನ ಕೊನೆಗೆ ಬಿ, ಎಸ್ ಅಂತ ಎರಡು ಅಕ್ಷರ ಬರೆದು ಎರಡನ್ನೂ ನುಂಗಿಬಿಡುತ್ತಾರೆ. ನದಿಯೂ ನೀರನ್ನು ನುಂಗಿಸಿಕೊಳ್ಳುತ್ತದೆ, ಈಗ ನೋಡೋಣ.)

ಈ ಸೀಮೆಗೆ ಜುರಾ ಅಂತ ಹೆಸರು. ಕಾಲಡಿ ಎಲ್ಲಾ ಸುಣ್ಣಕಲ್ಲು. ಮಳೆನೀರು ಗಾಳಿಯಿಂದ, ಅದಕ್ಕಿಂತ ಜಾಸ್ತಿ ಮಣ್ಣಿನಿಂದ, ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ನಾವು ಕುಡಿಯೋ ಸೋಡಾದಲ್ಲಿ ಇರುವುದೂ ಅದೇ ಹುಳಿ, ಅಲ್ಲಿ ಜಾಸ್ತಿ, ಇಲ್ಲಿ ತೀರಾ ಕಮ್ಮಿ, ಅಷ್ಟೇ. ಆ ಹುಳಿನೀರು ಕಲ್ಲಿನ ಬಿರುಕಿಗೆ ಇಳಿದು ಸಾವಿರಾರು ವರ್ಷ ಒಂದೇ ಸಮನೆ ಕಲ್ಲನ್ನು ಕರಗಿಸುತ್ತಾ ಹೋದರೆ, ಕೂದಲೆಳೆಯಷ್ಟಿದ್ದ ಬಿರುಕು ಕೊಳವೆಯಾಗುತ್ತದೆ, ಕೊಳವೆ ಸುರಂಗವಾಗುತ್ತದೆ. ದೂ ನದಿ ಪೊಂತಾರ್ಲಿಯೆ ದಾಟಿದ ಮೇಲೆ ಇಂಥ ಬಿರುಕುಗಳ ಮೇಲೇ ಹರಿಯುತ್ತದೆ. ಒಂದಷ್ಟು ನೀರು ಅಲ್ಲೇ ಸೋರಿ ಒಳಗೆ ಹೋಗುತ್ತದೆ. ಬೆಟ್ಟದ ಹೊಟ್ಟೆಯೊಳಗೇ ಸಾಗಿ, ಊಆಂ ಎಂಬ ಹಳ್ಳಿಯ ಕೆಳಗೆ, ನೂರು ಮೀಟರ್ ಎತ್ತರದ ಬಂಡೆಗೋಡೆಯ ಬುಡದಲ್ಲಿ ಬಾಯಿ ತೆರೆದ ಗುಹೆಯಿಂದ ಲೂ ಆಗಿ ಆಚೆ ಬರುತ್ತದೆ.

ವಾಸನೆಯೊಂದನ್ನೇ ನಂಬಿ ವಿಜ್ಞಾನ ನಡೆಯೋದಿಲ್ಲ. 1910ರಲ್ಲಿ ದೂ ನದಿ ಸೋರುವ ಕಡೆ ಫ್ಲೋರೆಸೀನ್ ಎಂಬ ಬಣ್ಣ ಸುರಿದು ನೋಡಿದರು. ಚೂರೇ ಚೂರು ಇದ್ದರೂ ನೀರನ್ನು ಹಸಿರಾಗಿ ಹೊಳೆಯಿಸುವ ಬಣ್ಣ ಅದು. ಲೂ ಹಸಿರಾಯಿತು. ಆಮೇಲೆ ಶುರುವಾಯಿತು ನೋಡಿ ಜಗಳ. ನಮ್ಮ ನೀರು ಕಳ್ಳತನವಾಗುತ್ತಿದೆ, ಬಿಲ ಮುಚ್ಚಿ ಅಂತ ದೂ ದಂಡೆಯ ಕಾರ್ಖಾನೆಯವರು. ಮುಚ್ಚಿದರೆ ನಮ್ಮ ಚಕ್ರ ತಿರುಗಲ್ಲ ಅಂತ ಲೂ ದಂಡೆಯ ಗಿರಣಿಯವರು. ಬಣ್ಣ ಸುರಿಯುವ ತನಕ ಇಲ್ಲದ ಮನಸ್ತಾಪ!

ಹಾಗಂತ ಲೂ ಪೂರ್ತಿ ಕದ್ದ ನೀರು ಅಂದುಕೊಂಡರೆ ತಪ್ಪು. ಮೇಲಿನ ಬಯಲಲ್ಲಿ ಬಿದ್ದ ಮಳೆ, ಕರಗಿದ ಹಿಮ ಇಂಗಿ ಬರುವ ನೀರೇ ಅದರಲ್ಲಿ ಜಾಸ್ತಿ. ಹುಟ್ಟುವಾಗಲೇ ಅದು ಹರೆಯದ ಹೊಳೆ. ಸರಾಸರಿ ನೋಡಿದರೆ ಸೆಕೆಂಡಿಗೆ ಹೆಚ್ಚುಕಮ್ಮಿ 10 ಘನ ಮೀಟರ್, ಅಂದರೆ ಗುಹೆಯ ಬಾಯಿಂದ ಸೆಕೆಂಡಿಗೊಂದು ನೀರಿನ ಟ್ಯಾಂಕರ್ ಆಚೆ ಬಂದ ಹಾಗೆ.

ಈ ಸರಾಸರಿ ಅನ್ನೋದು ಮಾತ್ರ ದೊಡ್ಡ ಮೋಸ. ಬೇಸಿಗೆಯಲ್ಲಿ ನೀರು ಅದರ ಸಣ್ಣ ಪಾಲಿಗೆ ಇಳಿಯುತ್ತದೆ, ಚಳಿಗಾಲದ ಮಳೆಗೆ ಗುಹೆಯೇ ಗುಡುಗುತ್ತದೆ. ಮುಂಗಾರಿನ ಲೆಕ್ಕ ಹಿಡಿದು ನೋಡಿದರೆ ಇಲ್ಲಿ ಎಲ್ಲಾ ತಲೆಕೆಳಗು. ಜುರಾದಲ್ಲಿ ಮಳೆಗಾಲ ಅಂತ ಬೇರೆ ಇಲ್ಲ, ವರ್ಷದ ಎಲ್ಲಾ ತಿಂಗಳೂ ಮಳೆ ಉಂಟು. ಜುಲೈ, ಆಗಸ್ಟಲ್ಲೂ ಗುಡುಗಿ ಸುರಿಯುತ್ತದೆ. ಆದರೂ ಹೊಳೆ ಬಡಕಲಾಗೋದು ಆಗಲೇ. ಯಾಕೆ? ಹುಲ್ಲು, ಬೀಚ್ ಮರ, ಸ್ಪ್ರೂಸ್ ಮರ ಎಲ್ಲವೂ ಬೆಳೆಯುವ ಕಾಲ ಅದು. ಬಿದ್ದ ಮಳೆಯನ್ನು ಬೇರುಗಳು ಹೀರಿ ಗಾಳಿಗೆ ಬಿಟ್ಟುಬಿಡುತ್ತವೆ, ಬಿಸಿಲು ಉಳಿದದ್ದನ್ನು ಆರಿಸುತ್ತದೆ. ಕಲ್ಲಿನ ಬಿರುಕಿನ ತನಕ ಇಳಿಯುವುದು ಸ್ವಲ್ಪವೇ. ನವೆಂಬರ್ ಹೊತ್ತಿಗೆ ಗಿಡಮರ ಸುಮ್ಮನಾಗುತ್ತವೆ. ಆಗ ಬಿದ್ದದ್ದೆಲ್ಲಾ ಸೀದಾ ಒಳಗೆ. ಒಂದಷ್ಟು ಹಿಮವಾಗಿ ಮೇಲೇ ಕೂತು, ಮಾರ್ಚ್, ಏಪ್ರಿಲ್‌ನಲ್ಲಿ ಕರಗಿ, ತಡವಾಗಿ ಬಂದು ಸೇರುತ್ತದೆ.

ಸುಣ್ಣಕಲ್ಲಿನ ಸುರಂಗಕ್ಕೆ ತಾಳ್ಮೆ ಇಲ್ಲ. ಮರಳು ಮಣ್ಣಿನ ನೆಲವಾದರೆ ಸ್ಪಂಜಿನ ಹಾಗೆ ನೀರು ಹಿಡಿದಿಟ್ಟು ನಿಧಾನ ಬಿಡುತ್ತದೆ. ಇಲ್ಲಿ ಮೇಲೆ ಜೋರು ಮಳೆ ಬಂದರೆ, ದಿನ ಕಳೆಯುವುದರೊಳಗೆ ಕೆಳಗೆ ಪ್ರವಾಹ. 2018ರ ಜನವರಿಯಲ್ಲಿ ಲೂ ಉಕ್ಕಿ ಓರ್ನಾಂ ಪಟ್ಟಣಕ್ಕೆ ನುಗ್ಗಿತು. ನೀರಿನ ಮೇಲೆ ಕಂಬ ಊರಿ ಕಟ್ಟಿದ ಹಳೇ ಮನೆಗಳ ಸಾಲು ಇರುವ ಊರು ಅದು. ಚಿತ್ರಕಾರ ಗುಸ್ತಾವ್ ಕೂರ್ಬೆ 1819ರಲ್ಲಿ ಹುಟ್ಟಿದ್ದು ಇಲ್ಲೇ. ಆ ಕಪ್ಪು ಗುಹೆಬಾಯಿಯನ್ನು ಆತ ಮತ್ತೆ ಮತ್ತೆ ಬರೆದ. ಅದೇ 2018ರ ಬೇಸಿಗೆ ಮುಗಿಯುವಾಗ ಪೊಂತಾರ್ಲಿಯೆಯ ಕೆಳಗೆ ದೂ ನದಿ ಬತ್ತಿಹೋಯಿತು. ನೀರಿಲ್ಲದ ಪಾತ್ರದಲ್ಲಿ ಬರೀ ಬಂಡೆ. ಮುಂದೆ 27 ಮೀಟರ್ ಎತ್ತರದ ಜಲಪಾತ ಒಂದಿದೆ, ಅದೂ ನಿಂತಿತು. ಲೂ ಮಾತ್ರ ಹರಿಯುತ್ತಲೇ ಇತ್ತು. ಮೇಲೆ ನೀರು ಕಮ್ಮಿಯಾದಷ್ಟೂ ಬಿಲಗಳು ನುಂಗುವ ಪಾಲು ದೊಡ್ಡದಾಗುತ್ತದೆ. ಹಾಗಾಗಿ ಲೂ ಹೊಳೆಯಲ್ಲಿ ದೂ ನೀರಿನ ಗುರುತು ಎದ್ದು ಕಾಣುವುದು ಬರಗಾಲದಲ್ಲೇ.

ಸುರಂಗ ಬರೀ ನೀರನ್ನೇ ತರೋದಿಲ್ಲ. ಮದ್ಯ ಎರಡೇ ದಿನಕ್ಕೆ ಬಂತು ಅಂದರೆ, ನಡುವೆ ಸೋಸುವಂಥದ್ದು ಏನೂ ಇಲ್ಲ ಅಂತಲೇ ಅರ್ಥ. ಮೇಲಿನ ಹುಲ್ಲುಗಾವಲುಗಳಲ್ಲಿ ಮೇಯುವ ಕೆಂಪು ಬಿಳಿ ಮಚ್ಚೆಯ ಮೋಂಬೇಲಿಯಾರ್ಡ್ ಹಸುಗಳ ಹಾಲಿನಿಂದ ಕೋಂತೆ ಎಂಬ ಹೆಸರಾಂತ ಚೀಸ್ ಆಗುತ್ತದೆ. ಕೊಟ್ಟಿಗೆಯ ಸಗಣಿ, ಗಂಜಲ ಮತ್ತೆ ಹುಲ್ಲಿಗೇ ಗೊಬ್ಬರ. ಮಣ್ಣೋ, ಕೆಲವೆಡೆ ಗೇಣಷ್ಟೂ ಇಲ್ಲ. ಹುಲ್ಲು ಹೀರಿಕೊಳ್ಳುವ ಮುಂಚೆ ಮಳೆ ಬಂದರೆ ಸಾರಜನಕ, ರಂಜಕ ಎಲ್ಲಾ ಬಿರುಕಿಗೆ. ಹಳ್ಳಿಗಳ ಬಚ್ಚಲ ನೀರೂ ಜೊತೆಗೆ. 2009-10ರ ಚಳಿಗಾಲದಿಂದ ಲೂ ಹೊಳೆಯಲ್ಲಿ ಟ್ರೌಟ್, ಗ್ರೇಲಿಂಗ್ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಮೀನು ಹಿಡಿಯುವವರ ಪಾಲಿಗೆ ಯುರೋಪಿನಲ್ಲೇ ಹೆಸರು ಮಾಡಿದ್ದ ಹೊಳೆ ಅದು. ತಪ್ಪೆಲ್ಲಾ ಹಸುಗಳದ್ದೇ ಅಂತ ಹೇಳಿಬಿಡೋದು ಸುಲಭ, ನನಗೆ ಅಷ್ಟು ಸುಲಭ ಅನ್ನಿಸೋದಿಲ್ಲ. ಕಾರಣಗಳೂ ನೀರಿನ ಹಾಗೇ ಹತ್ತು ಬಿರುಕಲ್ಲಿ ಇಳಿದು ಒಂದೇ ಬಾಯಲ್ಲಿ ಬರುತ್ತವೆ.

ಗುಹೆಯಿಂದ ಹೊರಟ ಲೂ ಸುಮಾರು 122 ಕಿ.ಮೀ. ಹರಿಯುತ್ತದೆ. ಮೊದಲು ಕಡಿದಾದ ಕೊರಕಲು, ಆಮೇಲೆ ಓರ್ನಾಂ, ಆಮೇಲೆ ಲೂಯಿ ದೊರೆಗಳ ಕಾಲದ ಉಪ್ಪಿನ ಕಾರ್ಖಾನೆ ಇರುವ ಆರ್ಕ್-ಎ-ಸೆನಾಂ, ಕೊನೆಗೆ ಬಯಲು. ಪಾರ್ಸೆ ಎಂಬಲ್ಲಿ ಅದು ಒಂದು ದೊಡ್ಡ ನದಿಗೆ ಸೇರುತ್ತದೆ.

ಆ ದೊಡ್ಡ ನದಿ ಯಾವುದು ಗೊತ್ತಾ? ದೂ! ಪೊಂತಾರ್ಲಿಯೆಯ ಹತ್ತಿರ ಬಿಲಕ್ಕೆ ಬೀಳದೆ ಉಳಿದ ನೀರು ಸ್ವಿಟ್ಜರ್ಲೆಂಡಿಗೆ ಹೋಗಿ, ಅಲ್ಲಿ ತಿರುಗಿಕೊಂಡು ವಾಪಸ್ ಬಂದು, ಬೆಸಾಂಸೋಂ ಪಟ್ಟಣವನ್ನು ಬಳಸಿ, 300 ಕಿ.ಮೀ.ಗೂ ಜಾಸ್ತಿ ಸುತ್ತಿ ಇಲ್ಲಿಗೆ ತಲುಪುತ್ತದೆ. ಬಿಲಕ್ಕೆ ಬಿದ್ದ ನೀರು ಅದರ ಅರ್ಧಕ್ಕೂ ಕಮ್ಮಿ ದಾರಿಯಲ್ಲಿ ಬಂದು, ಮುಂದಕ್ಕೆ ಹೋಗಿ ಆಗಿರುತ್ತದೆ.