ಅಡ್ಮಿನ್ ಖಾತೆಯಲ್ಲಿದ್ದರೂ ಸ್ಕ್ರಿಪ್ಟ್‌ಗೆ ಅಧಿಕಾರ ಯಾಕಿಲ್ಲ?

ವಿಂಡೋಸ್‌ನಲ್ಲಿ ಅಡ್ಮಿನ್ ಖಾತೆಯಿಂದಲೇ ಲಾಗಿನ್ ಆಗಿರುತ್ತೀರಿ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ಅದರಿಂದ ಇನ್‌ಸ್ಟಾಲರ್ ಓಡಿಸಲು ಹೋಗುತ್ತೀರಿ. 740 ಅನ್ನೋ ಎರರ್ ಬರುತ್ತದೆ: ಇದಕ್ಕೆ ಇನ್ನೂ ಜಾಸ್ತಿ ಅಧಿಕಾರ ಬೇಕು ಅಂತ. ಅಡ್ಮಿನ್ ನಾನೇ ಅಲ್ವಾ, ಇನ್ಯಾರನ್ನು ಕೇಳಬೇಕು?

ಇದರ ಬೇರು ಇರೋದು ಲಾಗಿನ್ ಆಗುವ ಗಳಿಗೆಯಲ್ಲಿ. 2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ, ಅಡ್ಮಿನ್ ಗುಂಪಿನವರು ಲಾಗಿನ್ ಆದಾಗ ಸಿಸ್ಟಂ ಎರಡು ಟೋಕನ್ ಮಾಡಿಡುತ್ತದೆ. ಒಂದು ಪ್ರೋಗ್ರಾಂ ಯಾರ ಪರವಾಗಿ ಓಡುತ್ತಿದೆ, ಏನೇನು ಮಾಡಬಹುದು ಎಂಬ ದಾಖಲೆಯೇ ಟೋಕನ್. ಒಂದರಲ್ಲಿ ಪೂರ್ತಿ ಅಧಿಕಾರ, ಇನ್ನೊಂದರಲ್ಲಿ ಸಾಮಾನ್ಯ ಬಳಕೆದಾರರಿಗೆ ಇರುವಷ್ಟು ಮಾತ್ರ. ಡೆಸ್ಕ್‌ಟಾಪ್ ಶುರುವಾಗೋದು ಈ ಎರಡನೆಯದರಿಂದ. ಅಲ್ಲಿಂದ ತೆರೆದ ಪ್ರೋಗ್ರಾಂಗೆ, ಆ ಪ್ರೋಗ್ರಾಂ ತೆರೆದ ಮತ್ತೊಂದಕ್ಕೆ, ಅದೇ ಅಧಿಕಾರ ಬರುತ್ತದೆ. ನಿಮ್ಮ ಸ್ಕ್ರಿಪ್ಟ್ ಇರೋದೂ ಇದೇ ಸಾಲಿನಲ್ಲಿ. ಓಡಲು ಶುರುವಾದ ಮೇಲೆ ಅದು ತನ್ನ ಅಧಿಕಾರವನ್ನು ತಾನೇ ಏರಿಸಿಕೊಳ್ಳಲು ಆಗದು. ಬೇರೆಯವರನ್ನು ಕೇಳಲೇಬೇಕು.

ಕೇಳುವ ದಾರಿ 'ರನ್‌ಆಸ್' ಎಂಬ ಸೂಚನೆ. ವಿಂಡೋಸ್‌ನ ಕಮಾಂಡ್ ಭಾಷೆಯಾದ ಪವರ್‌ಶೆಲ್‌ನಲ್ಲಾದರೆ ಸ್ಟಾರ್ಟ್-ಪ್ರಾಸೆಸ್ ಕಮಾಂಡಿಗೆ ಅದನ್ನು ಸೇರಿಸುತ್ತೇವೆ. ಆಗ ಹಿನ್ನೆಲೆಯಲ್ಲಿ ಪೂರ್ತಿ ಅಧಿಕಾರದಿಂದ ಓಡುವ ವಿಂಡೋಸ್‌ನದೇ ಒಂದು ಸೇವೆ ಎಚ್ಚೆತ್ತು, ಪರದೆ ಮಬ್ಬಾಗಿಸಿ, ಒಪ್ಪಿಗೆ ಇದೆಯಾ ಅಂತ ಕೇಳುತ್ತದೆ. ಆ ಮಬ್ಬು ಸುಮ್ನೆ ಅಲಂಕಾರಕ್ಕೆ ಇರೋದಲ್ಲ. ಆ ಪ್ರಶ್ನೆ ಮೂಡೋದು ಬೇರೆಯದೇ ಡೆಸ್ಕ್‌ಟಾಪ್ ಮೇಲೆ. ನೀವು ತೆರೆದಿಟ್ಟ ಪ್ರೋಗ್ರಾಂಗಳು ಅಲ್ಲಿಗೆ ಮೌಸ್ ಕ್ಲಿಕ್ ಕಳಿಸಲಾರವು. ಕಳಿಸಬಹುದಾಗಿದ್ದರೆ ಸ್ಕ್ರಿಪ್ಟೇ 'ಹೌದು' ಒತ್ತಿಕೊಂಡುಬಿಡುತ್ತಿತ್ತು. ವೈರಸ್ ಕೂಡ ಅಷ್ಟೇ ಸಲೀಸಾಗಿ ಒತ್ತುತ್ತಿತ್ತು. ಕಿರಿಕಿರಿ ಅನ್ನಿಸಿದರೂ ಇದು ಬಹಳ ಒಳ್ಳೆಯ ವ್ಯವಸ್ಥೆ ಎಂದೇ ನನ್ನ ಅಭಿಪ್ರಾಯ.

'ಹೌದು' ಒತ್ತಿದ ಮೇಲೂ ಕೆಲಸ ಕೆಡಬಹುದು. ಹೊಸ ಪ್ರೋಗ್ರಾಂ ಹುಟ್ಟೋದು ನಿಮ್ಮ ಸ್ಕ್ರಿಪ್ಟ್ ಪಕ್ಕದಲ್ಲಲ್ಲ, ಗೋಡೆಯ ಆಚೆ. ಸ್ಕ್ರಿಪ್ಟ್ ಇದ್ದ ಫೋಲ್ಡರ್ ಬಿಟ್ಟು ಅದು ಸಿಸ್ಟಂ32 ಫೋಲ್ಡರಿನಲ್ಲಿ ಕಣ್ಣು ಬಿಡುವುದು ಸಾಮಾನ್ಯ. ಬರೀ ಫೈಲ್ ಹೆಸರು ಕೊಟ್ಟಿದ್ದರೆ ಆ ಫೈಲ್ ಸಿಗುವುದಿಲ್ಲ. ನೆಟ್‌ವರ್ಕಿನ ಫೋಲ್ಡರನ್ನು ಜೆಡ್ ಡ್ರೈವ್ ಅಂತ ಮಾಡಿಕೊಂಡಿದ್ದರೆ ಅದೂ ಕಾಣಿಸುವುದಿಲ್ಲ, ಯಾಕೆಂದರೆ ಎರಡು ಟೋಕನ್‌ಗಳ ಲಾಗಿನ್ ಸೆಷನ್ ಬೇರೆ ಬೇರೆ. ಆಚೆಯ ಪ್ರೋಗ್ರಾಂ ಪರದೆಗೆ ಬರೆಯುವ ಮಾತನ್ನೂ ಸ್ಕ್ರಿಪ್ಟ್ ನೇರವಾಗಿ ಹಿಡಿಯಲಾಗದು. ಅದಕ್ಕೇ ಫೈಲಿನ ಪೂರ್ತಿ ವಿಳಾಸ, ಅಂದರೆ ಪಾತ್, ಕೊಡಬೇಕು, ಪಾತ್‌ನಲ್ಲಿ ಖಾಲಿ ಜಾಗವಿದ್ದರೆ ಕೋಟ್ ಹಾಕಬೇಕು, ಫಲಿತಾಂಶವನ್ನು ಒಂದು ಫೈಲಿಗೆ ಬರೆಸಿ ಓದಬೇಕು. ಬಳಕೆದಾರರು 'ಬೇಡ' ಅಂದರೆ 1223 ಅನ್ನೋ ಎರರ್ ಬರುತ್ತದೆ. ಅದನ್ನು ಗುರುತಿಸಿ, ಅಲ್ಲಿಗೇ ಗೌರವದಿಂದ ನಿಲ್ಲಿಸಿ. ಮತ್ತೆ ಮತ್ತೆ ಕೇಳಬೇಡಿ.

ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್ ಹಿಡಿದ ದಾರಿ ಬೇರೆ. ಅಲ್ಲಿ ಫೈಲಿಗೇ ಒಂದು ಗುರುತು ಹಾಕಬಹುದು. ಅದರ ಹೆಸರು ಸೆಟ್‌ಯುಐಡಿ. ಯಾರು ಓಡಿಸಿದರೂ ಪ್ರೋಗ್ರಾಂ ಫೈಲಿನ ಒಡೆಯನ ಅಧಿಕಾರದಿಂದ ಓಡುತ್ತದೆ. ಇದನ್ನು ಕಂಡುಹಿಡಿದವರು ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ. 1979ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ಒಂದು ಕಮಾಂಡನ್ನು ಅಡ್ಮಿನ್ ಅಧಿಕಾರದಿಂದ ಓಡಿಸಿಕೊಡುವ, 1980ರ ಸುಮಾರಿಗೆ ಹುಟ್ಟಿದ ಸುಡೋ ನಿಂತಿರೋದು ಇದರ ಮೇಲೆಯೇ.

ಸುಡೋ ಹಾಕಿದರೂ 'ಅನುಮತಿ ಇಲ್ಲ' ಅನ್ನುವ ಸಂದರ್ಭ ಇದೆ. ಸುಡೋ ಎಕೋ ಅಂತ ಬರೆದು (ಎಕೋ ಅಂದರೆ ಕೊಟ್ಟ ಮಾತನ್ನೇ ತಿರುಗಿ ಹೇಳುವ ಕಮಾಂಡ್), ಬಾಣದ ಗುರುತಿನಿಂದ ಅದರ ಫಲಿತಾಂಶವನ್ನು ಸಿಸ್ಟಂ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರಿನ ಫೈಲಿಗೆ ತಿರುಗಿಸಿ ನೋಡಿ. ಆ ಫೈಲ್ ತೆರೆಯೋದು ಎಕೋ ಅಲ್ಲ, ನೀವು ಬರೆದ ಕಮಾಂಡುಗಳನ್ನು ಓದಿ ಓಡಿಸುವ ಶೆಲ್. ಅದಿನ್ನೂ ಸಾಮಾನ್ಯ ಬಳಕೆದಾರನೇ! ತನಗೆ ಬಂದದ್ದನ್ನು ಫೈಲಿಗೆ ಬರೆಯುವ ಟೀ ಎಂಬ ಕಮಾಂಡನ್ನು ಸುಡೋ ಮೂಲಕ ಓಡಿಸಿದರೆ ಫೈಲ್ ತೆರೆಯುವ ಕೆಲಸ ಅಧಿಕಾರ ಇರುವವರ ಕೈಗೆ ಹೋಗುತ್ತದೆ.

ಹಾಗಾದರೆ ಸ್ಕ್ರಿಪ್ಟಿಗೇ ಸೆಟ್‌ಯುಐಡಿ ಗುರುತು ಹಾಕಿದರೆ? ಲಿನಕ್ಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾಕೆಂದರೆ ಸಿಸ್ಟಂನ ತಿರುಳಾದ ಕರ್ನಲ್ ಸ್ಕ್ರಿಪ್ಟಿನ ಮೊದಲ ಸಾಲು ನೋಡಿ, ಸ್ಕ್ರಿಪ್ಟನ್ನು ಓದಿ ನಡೆಸುವ ಇಂಟರ್‌ಪ್ರಿಟರನ್ನು ಎಬ್ಬಿಸುತ್ತದೆ. ಇಂಟರ್‌ಪ್ರಿಟರ್ ಅದೇ ಹೆಸರಿನ ಫೈಲನ್ನು ಇನ್ನೊಮ್ಮೆ ತೆರೆಯುತ್ತದೆ. ಈ ಎರಡರ ನಡುವಿನ ಕಣ್ಣೆವೆಯಷ್ಟು ಹೊತ್ತಿನಲ್ಲಿ ಯಾರಾದರೂ ಆ ಹೆಸರಿನಲ್ಲಿ ಬೇರೆ ಫೈಲ್ ಇಟ್ಟರೆ, ಗುರುತಿಗೆ ಬೆಲೆ ಕೊಟ್ಟಿದ್ದರೆ ಅದು ರೂಟ್ (ಯೂನಿಕ್ಸ್‌ನ ಪೂರ್ತಿ ಅಧಿಕಾರದ ಖಾತೆ) ಅಧಿಕಾರದಿಂದ ಓಡಿಬಿಡುತ್ತಿತ್ತು.

ಕೆಲವರು ಪಾಸ್‌ವರ್ಡನ್ನೇ ಸ್ಕ್ರಿಪ್ಟಿನಲ್ಲಿ ಬರೆದಿಡುತ್ತಾರೆ. ದಯವಿಟ್ಟು ಬೇಡ. ಸ್ಕ್ರಿಪ್ಟ್ ಓದಬಲ್ಲವರೆಲ್ಲ ಆಗ ಅಡ್ಮಿನ್‌ಗಳೇ. ಅದರ ಬದಲು, ಸುಡೋ ಯಾರು ಏನಕ್ಕೆ ಬಳಸಬಹುದು ಎಂದು ಹೇಳುವ ಸುಡೋಯರ್ಸ್ ಫೈಲಿನಲ್ಲಿ ಒಂದೇ ಒಂದು ಕಮಾಂಡಿಗೆ, ಪೂರ್ತಿ ಪಾತ್ ಸಮೇತ, ಪಾಸ್‌ವರ್ಡ್ ಇಲ್ಲದೆ ಅನುಮತಿ ಕೊಡಬಹುದು. ಆ ಕಮಾಂಡ್ ಒಂದು ಸ್ಕ್ರಿಪ್ಟ್ ಆಗಿದ್ದರೆ, ಆ ಫೈಲನ್ನೂ ಅದಿರುವ ಫೋಲ್ಡರನ್ನೂ ರೂಟ್ ಬಿಟ್ಟು ಬೇರೆ ಯಾರೂ ತಿದ್ದುವಂತಿರಬಾರದು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಲ್ಲಿ ಅತಿ ಹೆಚ್ಚಿನ ಅಧಿಕಾರ ಕೊಟ್ಟು ಓಡಿಸುವ ಫೈಲ್‌ಗಳನ್ನೂ ಇಷ್ಟೇ ಭದ್ರವಾಗಿ, ಅಡ್ಮಿನ್ ಮಾತ್ರ ಬರೆಯಬಲ್ಲ ಜಾಗದಲ್ಲಿ ಇಡಬೇಕು.