ಕುದುರೆ ಲಾಯದಲ್ಲಿ ಸಿಕ್ಕ ಉತ್ತರ

ಕುಣಿಗಲ್‌ನಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಕೆಲಸ ನನ್ನದು. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತ ಇಟ್ಟು, ಇನ್ನೊಂದು ಸ್ಲೈಡಿನ ಅಂಚಿನಿಂದ ಸರಕ್ಕನೆ ಎಳೆದರೆ ನಾಲಿಗೆ ಆಕಾರದಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ. ಒಣಗಿದ ಮೇಲೆ ಲೀಶ್ಮನ್ ಬಣ್ಣ ಹಾಕಿ, ತೊಳೆದು, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ದುಂಡನೆಯ ಕಣ. ಒಳಗೆಲ್ಲ ಗಾಢ ನೇರಳೆ, ಸುತ್ತ ತೆಳು ನೀಲಿ ಅಂಚು. ಅದೇ ಲಿಂಫೋಸೈಟ್, ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಅಪರೂಪಕ್ಕೆ ಯಾವುದೋ ಮಗುವಿನ ಸ್ಲೈಡಿನಲ್ಲಿ, ಇನ್ನೂ ಬಲಿಯದ ದೊಡ್ಡ ಕಣಗಳೇ ಗುಂಪುಗುಂಪಾಗಿ ತುಂಬಿರುತ್ತವೆ. ಆಗ ಎಣಿಸುವ ಕೈ ನಿಂತುಬಿಡುತ್ತದೆ. ಮರುದಿನ ಬೆಳಗ್ಗೆ ಅಪ್ಪ ಅಮ್ಮ ಮಗುವನ್ನು ಎತ್ತಿಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಸ್ಸು ಹತ್ತುತ್ತಾರೆ.

ಈ ಕಣಗಳ ಗುಟ್ಟು ಬಿಡಿಸಿದವರಲ್ಲಿ ನನಗೆ ಜಾಸ್ತಿ ಇಷ್ಟ ವಿಜ್ಞಾನಿ ಜಾಕ್ ಮಿಲ್ಲರ್. 1931ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಹುಟ್ಟಿ, ಶಾಂಘೈಯಲ್ಲಿ ಬೆಳೆದು, ಯುದ್ಧದ ಕಾಲಕ್ಕೆ ಆಸ್ಟ್ರೇಲಿಯಾ ಸೇರಿದವರು. ಅಕ್ಕ ಕ್ಷಯದಿಂದ ತೀರಿಕೊಂಡಿದ್ದಳು. ಡಾಕ್ಟರ್ ಓದುವ ಆಸೆಯ ಹಿಂದೆ ಆ ನೋವೂ ಇತ್ತು.

1958ರಲ್ಲಿ ಲಂಡನ್ನಿಗೆ ಹೋದಾಗ ಅವರು ಸಂಶೋಧನೆಗೆ ಹಿಡಿದದ್ದು ಇಲಿಗಳ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಇಲಿಗಳನ್ನು ಸಾಕಿದ್ದು ಹಳೆಯ ಕುದುರೆ ಲಾಯದಲ್ಲಿ. ಟಿಪ್ಪು ಕಾಲದಿಂದ ಕುದುರೆ ಫಾರಂ ಇರುವ ಊರಿನ ನನಗೆ ಇದನ್ನು ಓದಿದಾಗ ಎಷ್ಟು ಖುಷಿಯಾಯಿತು ಗೊತ್ತಾ! ಆ ಲ್ಯುಕೇಮಿಯಾ ತರುವ ವೈರಸ್ಸನ್ನು ಮರಿ ಹುಟ್ಟಿದ ಕೂಡಲೇ ಅದಕ್ಕೆ ಚುಚ್ಚಬೇಕಿತ್ತು, ಕಾಯಿಲೆ ಶುರುವಾಗುತ್ತಿದ್ದದ್ದು ಥೈಮಸ್‌ನಲ್ಲಿ. ಥೈಮಸ್ ಅಂದರೆ ಎದೆಮೂಳೆಯ ಹಿಂದಿನ ಗ್ರಂಥಿ, ವಯಸ್ಸಾದಂತೆ ಕುಗ್ಗುತ್ತದೆ. ಆಗಿನವರ ಪ್ರಕಾರ ಅದಕ್ಕೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ. ಹುಟ್ಟುವಾಗಲೇ ತೆಗೆದುಬಿಟ್ಟರೆ ವೈರಸ್ ಏನು ಮಾಡುತ್ತದೆ ಅಂತ ನೋಡಲು ಮಿಲ್ಲರ್ ಬೆರಳ ತುದಿಯಷ್ಟಿರುವ ಮರಿಗಳಿಗೆ ಆಪರೇಷನ್ ಮಾಡಿದರು. ಮೊದಲು ಮರಿಗಳು ಚೆನ್ನಾಗೇ ಇದ್ದವು. ಹಾಲು ಬಿಟ್ಟ ಮೇಲೆ ಒಂದೊಂದಾಗಿ ಸೊರಗಿ ಸತ್ತವು, ವೈರಸ್ ಕೊಡದವೂ ಸೇರಿ.

ಇಲ್ಲೇ ನೋಡಿ ಅವರ ದೊಡ್ಡತನ. ಪ್ರಯೋಗ ಕೆಟ್ಟಿತು ಅಂತ ಸುಮ್ನೆ ಬಿಡಲಿಲ್ಲ. ಸೊರಗಿದ ಇಲಿಗಳ ರಕ್ತ ನೋಡಿದರು. ಲಿಂಫೋಸೈಟ್ ತುಂಬಾ ಕಡಿಮೆ. ಬೇರೆ ತಳಿಯ ಇಲಿಯ ಚರ್ಮ ಕಸಿ ಮಾಡಿದರೆ, ಪರಕೀಯ ಅಂತ ಕಿತ್ತೊಗೆಯಬೇಕಾದ ದೇಹ ಅದನ್ನು ತನ್ನದೇ ಅನ್ನುವಂತೆ ಇಟ್ಟುಕೊಂಡಿತು. ಅಂದರೆ ನಮ್ಮವರು ಯಾರು, ಹೊರಗಿನವರು ಯಾರು ಅಂತ ಗುರುತಿಸುವ ಕಣಗಳು ಥೈಮಸ್‌ನಲ್ಲಿ ತಯಾರಾಗುತ್ತವೆ! 1961ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು, ಆದರೂ ದೊಡ್ಡ ದೊಡ್ಡ ವಿಜ್ಞಾನಿಗಳೇ ತಕ್ಷಣ ಒಪ್ಪಲಿಲ್ಲ. ಆಮೇಲೆ ಮೆಲ್ಬರ್ನ್‌ನಲ್ಲಿ ತಮ್ಮ ವಿದ್ಯಾರ್ಥಿ ಗ್ರಹಾಂ ಮಿಚೆಲ್ ಜೊತೆ 1968ರಲ್ಲಿ ಇನ್ನೊಂದು ಹೆಜ್ಜೆ: ರೋಗಾಣುಗಳಿಗೆ ಅಂಟಿಕೊಂಡು ಹೋರಾಡುವ ಆ್ಯಂಟಿಬಾಡಿ ಮಾಡುವವು ಮೂಳೆ ಮಜ್ಜೆಯಿಂದ ಬಂದ ಬಿ ಕಣಗಳು, ಅವಕ್ಕೆ ನೆರವಾಗುವವು ಥೈಮಸ್‌ನ ಟಿ ಕಣಗಳು. ನಾನು ಎಣಿಸುವ ಆ ನೇರಳೆ ಚುಕ್ಕೆಗಳಲ್ಲಿ ಯಾವುದು ಟಿ, ಯಾವುದು ಬಿ ಅಂತ ಬರೀ ಮೈಕ್ರೋಸ್ಕೋಪಿನಲ್ಲಿ ಹೇಳಲು ಆಗುವುದೇ ಇಲ್ಲ, ಎರಡೂ ಒಂದೇ ಥರ.

ಮಕ್ಕಳ ಲ್ಯುಕೇಮಿಯಾದಲ್ಲಿ ಸಾಮಾನ್ಯವಾಗಿ ಕೆಡುವುದು ಬಿ ಕಡೆಯ ಎಳೆ ಕಣ. 2012ರಲ್ಲಿ ಫಿಲಡೆಲ್ಫಿಯಾದಲ್ಲಿ 6 ವರ್ಷದ ಎಮಿಲಿ ವೈಟ್‌ಹೆಡ್‌ಗೆ ಅವಳದೇ ಟಿ ಕಣಗಳನ್ನು ಹೊರತೆಗೆದು, ಬಿ ಕಣದ ಗುರುತು ಹಿಡಿದು ಕೊಲ್ಲುವಂತೆ ಮಾರ್ಪಡಿಸಿ ವಾಪಸ್ ಕೊಟ್ಟರು. ಕಾಯಿಲೆ ಹೋಯಿತು. ಇಂಥದ್ದೇ ಚಿಕಿತ್ಸೆಯನ್ನು ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಇಲ್ಲೇ ರೂಪಿಸಿದವು, 2023ರಲ್ಲಿ ಅನುಮತಿಯೂ ಸಿಕ್ಕಿತು. ಖರ್ಚು ಇನ್ನೂ ಲಕ್ಷಗಳಲ್ಲೇ ಇದೆ. ನಮ್ಮ ಕಡೆಯ ರಾಗಿ ಹೊಲದ ಮನೆಗಳಿಗೆ ಅದು ಎಟಕುವ ದಿನಕ್ಕೆ ಕಾಯುತ್ತಾ, ನಾನು ಸ್ಲೈಡ್ ಎಳೆಯುತ್ತಿದ್ದೇನೆ.